ಅಂಬಲಿ ಕುದುರೆ ನಿಂತ ಮರ

ಕುದುರೆ ಹತ್ತುವಾಗ ಕಾಲಿಡಲು ಜೀನಿನ ಪಕ್ಕದಲ್ಲಿ ಒಂದು ಕಬ್ಬಿಣದ ಬಳೆ ತೂಗಾಡುತ್ತಿರುತ್ತದಲ್ಲ, ಅದಕ್ಕೆ ನಮ್ಮ ಕಡೆ ಒಂದು ಒಳ್ಳೆಯ ಹೆಸರಿತ್ತು. ಅಂಕಣ... ಅಂಕಣಿ... ಅಲ್ಲ. ಈ ಜಬಲ್ಪುರದಲ್ಲಿ ಯಾರನ್ನು ಕೇಳಿದರೂ ರಕಾಬು ಎನ್ನುತ್ತಾರೆ. ನನಗೆ ಬೇಕಾದದ್ದು ಅದಲ್ಲ. ಹೋಗಲಿ ಮೇದಿನಿ, ಈ ಕತೆಯ ಕುದುರೆಗೆ ಹೇಗೂ ಅದು ಇರಲೇ ಇಲ್ಲ.

ಬಲು ಹಿಂದೆ, ಊರುಗಳಿಗಿಂತ ಕಾಡೇ ದೊಡ್ಡದಾಗಿದ್ದಾಗ, ಹೆಮ್ಮರನಾಡು ಎಂಬ ರಾಜ್ಯವಿತ್ತು. ಅಲ್ಲಿಯದು ಸುಮ್ಮನೆ ನಿಂತ ಕಾಡಲ್ಲ, ದುಡಿಯುವ ಕಾಡು. ಒಂದು ಕಡೆ ಮರ ಕಡಿಯುವವರು, ಒಂದು ಕಡೆ ಇದ್ದಿಲು ಸುಡುವವರು, ಇನ್ನೊಂದು ಕಡೆ ಆನೆಗಳಿಂದ ದಿಮ್ಮಿ ಎಳೆಸುವ ಮಾವುತರು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ರಾಜನ ಮಗಳು ಪದ್ಮಲೆ. ದಿನವೂ ಅವರ ಜೊತೆಗೇ ಕೂತು ಅಂಬಲಿ ಕುಡಿಯುತ್ತಿದ್ದಳು. ಅವಳ ತಮ್ಮ ಸೋಮಕೇತುವಿಗೆ ಕಾಡೆಂದರೆ ಕುದುರೆ ಓಡಿಸುವ ದಾರಿ, ಅಷ್ಟೆ.

ಒಂದು ಬೆಳಗ್ಗೆ ಕೊಂಕಜಟಿ ಎಂಬ ಮಾಂತ್ರಿಕ ಅರಮನೆಗೆ ಬಂದು, “ಕಾಡನ್ನು ನನಗೆ ಕೊಡಿ,” ಎಂದ.

“ಅಲ್ಲಿ ಅಷ್ಟು ಜನರ ಒಲೆ ಉರಿಯುತ್ತಿದೆ. ನಿನಗೆ ಕೊಟ್ಟರೆ ಅವರು ಎಲ್ಲಿಗೆ ಹೋಗಬೇಕು?” ಎಂದಳು ಪದ್ಮಲೆ.

“ಕಾಡಿನ ಮೇಲೆ ಅಷ್ಟು ಆಸೆಯೋ? ಹಾಗಾದರೆ ಅಲ್ಲೇ ನಿಲ್ಲು!” ಎಂದು ಅವನು ಅಂಗೈಯ ಬೂದಿ ಊದಿದ. ಇನ್ನೂ ಬಾಯಿಗೆ ಒಂದು ತುತ್ತನ್ನೂ ಇಡದಿದ್ದ ಪದ್ಮಲೆ ಅಲ್ಲಿಂದ ಮಾಯವಾಗಿ, ಕಾಡಿನಲ್ಲೆಲ್ಲೋ ಒಂದು ಮರವಾದಳು.

ಕೊಂಕಜಟಿ ನಕ್ಕ. “ಹೊತ್ತು ಮುಳುಗುವ ಮುನ್ನ ಅವಳ ಮರವನ್ನು ಹುಡುಕಿ, ಹೆಸರು ಹಿಡಿದು ಕರೆಯಿರಿ. ಒಂದೇ ಸಲ ಕರೆಯಬಹುದು. ಸರಿಯಾದರೆ ನನ್ನ ಮಾಟ ನನಗೇ ತಿರುಗುತ್ತದೆ. ತಪ್ಪಿದರೆ ಅವಳು ಎಂದೆಂದಿಗೂ ಮರ. ಯಾರೂ ಕರೆಯದಿದ್ದರೆ ನನ್ನ ಕೊಡಲಿ ಇದೆ.” ಹೋಗುವಾಗ ಲಾಯದ ಕುದುರೆಗಳನ್ನೆಲ್ಲ ಮಣ್ಣಿನ ಕುದುರೆ ಮಾಡಿ ಹೋದ.

ಒಂದು ಮಾತ್ರ ಉಳಿಯಿತು. ಅಡುಗೆಮನೆಯ ಹಿತ್ತಿಲಲ್ಲಿ ಕಟ್ಟಿದ್ದ, ಕಾಡಿನ ಆಳುಗಳಿಗೆ ಅಂಬಲಿ ಹೊರುವ ಕುದುರೆ. ಹೊಟ್ಟೆ ಬೋಸಿ ಪಾತ್ರೆಯ ಹಾಗೆ ಅಗಲವಾಗಿದ್ದರಿಂದ ಅದರ ಹೆಸರೇ ಬೋಸಿ. ಅದನ್ನು ಯಾರೂ ಕುದುರೆಯೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾಂತ್ರಿಕನೂ ಹಿಡಿಯಲಿಲ್ಲ.

ಸೋಮಕೇತು ಓಡಿಬಂದು ಅದರ ಹಗ್ಗ ಬಿಚ್ಚಿದ. ಅಡುಗೆಯ ಸಣ್ಣೀರವ್ವ ಅಡ್ಡ ಬಂದಳು. “ಗಡಿಗೆ ಹೇರದಿದ್ದರೆ ಅದು ಹೆಜ್ಜೆ ಎತ್ತಲ್ಲ, ಚಿಕ್ಕೊಡೆಯ.”

“ಅಕ್ಕನ ಜೀವ ಹೋಗುತ್ತಿದೆ, ನಿನಗೆ ಅಂಬಲಿಯ ಚಿಂತೆ!”

“ಚಿಂತೆ ನನಗಲ್ಲ, ಕುದುರೆಗೆ. ದಾರೀಲಿ ಹಸಿದ ಮನುಷ್ಯರಿದ್ದರೆ ನಿಲ್ಲುತ್ತೆ. ಬಡಿಸಿದ ಮೇಲೇ ನಡೆಯುತ್ತೆ. ನೀವು ಬೈದರೂ ಅಷ್ಟೆ, ಹೊಡೆದರೂ ಅಷ್ಟೆ.” ಎರಡೂ ಬದಿಗೆ ಗಡಿಗೆ ಕಟ್ಟಿ, ಚಿಪ್ಪಿನ ಸೌಟನ್ನು ರಾಜಕುಮಾರನ ಸೊಂಟಕ್ಕೆ ಸಿಕ್ಕಿಸಿದಳು.

“ಕಾಲಿಡುವ ಬಳೆ ಎಲ್ಲಿ?”

“ಗಡಿಗೆಗೆ ಎಲ್ಲಿ ಕಾಲು, ಒಡೆಯ?”

ಕಾಲು ಜೋಲಾಡಿಸಿಕೊಂಡು ಸೋಮಕೇತು ಹೊರಟ. ಕಾಡಿನ ಅಂಚು ದಾಟುತ್ತಲೇ ಮರ ಕಡಿಯುವವರು ಎದುರಾದರು. ಬೋಸಿ ನಿಂತಿತು. ಅವನು ಹಿಮ್ಮಡಿಯಿಂದ ಒತ್ತಿದ. ಬೋಸಿ ಬಾಲ ಬೀಸಿ ನೊಣ ಓಡಿಸಿತು. ಕಿವಿ ಹಿಡಿದು ಬೇಡಿಕೊಂಡ. ಬೋಸಿ ಕಣ್ಣು ಮುಚ್ಚಿಕೊಂಡಿತು.

“ಇಳೀರಿ ಬುದ್ಧಿ,” ಎಂದ ಒಬ್ಬ, ಕೊಡಲಿ ಕೆಳಗಿಟ್ಟು. “ಉಪ್ಪು ತಂದಿದ್ದೀರಾ?”

“ಉಪ್ಪಂತೆ!” ಎಂದು ಹಲ್ಲು ಕಡಿಯುತ್ತ ರಾಜಕುಮಾರ ಬಡಿಸಿದ. ಕೊನೆಯವನ ಬಟ್ಟಲು ತುಂಬಿದ ಮೇಲೆ ಬೋಸಿ ತಾನಾಗಿ ನಡೆಯಿತು. ಇವನು ಹಿಂದೆ ಓಡಿ ಹತ್ತಬೇಕಾಯಿತು.

ಸ್ವಲ್ಪ ದೂರದಲ್ಲಿ ಒಂದು ನೆಟ್ಟನೆಯ ತೇಗದ ಮರ ಅಕ್ಕನ ದನಿಯಲ್ಲಿ ಕೂಗಿತು: “ಸೋಮಾ! ಇಲ್ಲಿದ್ದೀನಿ!” ಅವನು ಲಗಾಮು ಜಗ್ಗಿದ. ಬೋಸಿ ನಿಲ್ಲಲಿಲ್ಲ. ಅವನು ಕರೆಯಲು ಬಾಯಿ ತೆರೆದ. ಅದೇ ಹೊತ್ತಿಗೆ ಬೋಸಿ ಒಂದು ಬೇರನ್ನು ಹಾರಿತು. ನಾಲಗೆ ಕಚ್ಚಿಕೊಂಡ ರಾಜಕುಮಾರ ನೋವು ತಡೆದುಕೊಳ್ಳುವಷ್ಟರಲ್ಲಿ ತೇಗದ ಮರ ಹಿಂದೆ ಉಳಿದಿತ್ತು.

“ನಿಲ್ಲು ಅಂದರೆ ನಡೆಯುತ್ತೀಯ, ನಡೆ ಅಂದರೆ ನಿಲ್ಲುತ್ತೀಯ! ನೀನೇನು ಕುದುರೆಯೋ, ನಮ್ಮ ಸೋದರತ್ತೆಯೋ?”

ಆಮೇಲೆ ಇದ್ದಿಲು ಸುಡುವವರು ಸಿಕ್ಕರು. ಬೋಸಿ ನಿಂತಿತು. ಮೈಯೆಲ್ಲ ಮಸಿಯಾಗಿದ್ದ ಒಬ್ಬ ಮುದುಕಿ ಬಟ್ಟಲು ಹಿಡಿದು, “ಮೇಲಿನ ನೀರು ಹಾಕಬೇಡ ಕಣಪ್ಪ. ತಳ ಕಲಕಿ ಹಾಕು,” ಎಂದಳು. ಅವನು ಕಲಕಿ ಹಾಕಿದ. “ಮೊದಲೇ ಕಲಕಿದ್ದರೆ ನನಗಿಂತ ಮುಂಚಿನವರಿಗೂ ಗಟ್ಟಿ ಸಿಕ್ಕಿರೋದು,” ಎಂದು ಗೊಣಗಿದಳು.

ಇದ್ದಿಲ ಗೂಡಿನಾಚೆ ಹೊಗೆ ಸುತ್ತಿ ಸುತ್ತಿ ಹುಲಿಯಾಯಿತು. ದಾರಿಗೆ ಅಡ್ಡ ನಿಂತು ಬಾಯಿ ತೆರೆಯಿತು. “ಈಗ ನಿಲ್ಲು, ಬೋಸಿ! ಈಗಲಾದರೂ ನಿಲ್ಲು!” ಎಂದು ಅವನು ಅರಚಿದ. ಹುಲಿಗೆ ಹಸಿವಿರಲಿಲ್ಲ, ಅದು ಬರೀ ಹೊಗೆ. ಬೋಸಿ ಅದರ ಬಾಯೊಳಗೆ ನಡೆದು ಬಾಲದ ಕಡೆಯಿಂದ ಹೊರಬಂತು. ರಾಜಕುಮಾರನ ಹುಬ್ಬು ಮಾತ್ರ ಕರಕಲಾಯಿತು.

ಹೊತ್ತು ಇಳಿಯತೊಡಗಿತ್ತು. ದಿಮ್ಮಿ ಎಳೆಸುವ ಮಾವುತರ ಬಳಿ ಬೋಸಿ ಮತ್ತೆ ನಿಂತಿತು. ಸೋಮಕೇತು ಈ ಸಲ ಬೈಯಲಿಲ್ಲ. ಬೈಯುವ ಮಾತುಗಳು ಮುಗಿದಿದ್ದವು. ಇಳಿದು, ಮೊದಲೇ ತಳ ಕಲಕಿ ಬಡಿಸಿದ.

“ಪದ್ಮಲೆ ತಾಯಿ ಯಾಕೆ ಬರಲಿಲ್ಲ?” ಎಂದ ಮುದಿ ಮಾವುತ. “ಅವರಿಗೆ ಅಂತ ಒಂದು ಸೌಟು ಉಳಿಸಪ್ಪ. ಹಸಿವು ತಡೆಯೋರಲ್ಲ ಅವರು.”

ರಾಜಕುಮಾರ ಗಡಿಗೆಯೊಳಗೆ ಇಣುಕಿದ. ಒಂದು ಸೌಟು ಉಳಿಸಿ ಗಡಿಗೆ ಮುಚ್ಚಿದ.

ಮುಂದೆ ಒಂದು ಮತ್ತಿಮರ ಅಕ್ಕನ ದನಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿತು. ಬೋಸಿ ಅದನ್ನೂ ದಾಟಿತು. ಸೂರ್ಯ ಗುಡ್ಡದ ತಲೆ ಮುಟ್ಟಿದ. ಆಗ, ಜನವಿಲ್ಲದ ಒಂದು ತಿರುವಿನಲ್ಲಿ, ಒಂದು ಸೊಟ್ಟ ಮರದ ಮುಂದೆ, ಬೋಸಿ ಗಕ್ಕನೆ ನಿಂತುಬಿಟ್ಟಿತು.

ಮುಗಿದಿದ್ದ ಬೈಗುಳಗಳು ರಾಜಕುಮಾರನಿಗೆ ಎಲ್ಲಿಂದಲೋ ಮತ್ತೆ ಬಂದವು. “ಇಲ್ಲಿ ಯಾರಿದ್ದಾರೆ? ಯಾರಿಗೆ ಬಡಿಸಲಿ, ಇರುವೆಗೋ? ಬೆಳಗಿನಿಂದ ನನ್ನ ಪ್ರಾಣ ತಿಂದೆಯಲ್ಲ, ಹೊಟ್ಟೆಬಾಕ ಬೋಸಿ! ಇಲ್ಲಿ ಮನುಷ್ಯರೇ ಇಲ್ಲವಲ್ಲ!”

ಹಾಗೆಂದವನು ಬಂದ ದಾರಿಯನ್ನು ತಿರುಗಿ ನೋಡಿದ. ದಾರಿಯುದ್ದಕ್ಕೂ ಈ ಕುದುರೆ ಮನುಷ್ಯರಿಲ್ಲದ ಕಡೆ ಒಮ್ಮೆಯೂ ನಿಂತಿರಲಿಲ್ಲ. ಹಸಿವಿಲ್ಲದ ಕಡೆಯೂ ನಿಂತಿರಲಿಲ್ಲ.

ಪೊದೆಯ ಹಿಂದಿನಿಂದ ಕೊಂಕಜಟಿ ಕೊಡಲಿ ಹೊತ್ತು ಬಂದ. “ಏನು ಕುಮಾರ, ರಾಜಕುಮಾರಿ ಈ ಸೊಟ್ಟ ಮರವಾಗುತ್ತಾಳೆಯೇ? ಅಲ್ಲಿ ನೋಡು.” ಆಚೆ ಬದಿಯಲ್ಲಿ ಒಂದು ಎತ್ತರದ ಮರ ಮೈತುಂಬ ಹೂ ಬಿಟ್ಟು, “ಸೋಮಾ, ಬೇಗ!” ಎಂದು ಕೊಂಬೆ ಚಾಚಿತು.

ಸೋಮಕೇತು ಹೂಮರವನ್ನು ನೋಡಿದ. ಬೋಸಿಯನ್ನು ನೋಡಿದ. ಬೋಸಿ ಸೊಟ್ಟ ಮರದ ತೊಗಟೆಗೆ ಮೂತಿ ಒರಗಿಸಿ ನಿಂತಿತ್ತು. ಸೂರ್ಯನ ಅಂಚು ಒಂದಿಷ್ಟೇ ಉಳಿದಿತ್ತು. ಅವನು ಗಡಿಗೆಯ ಮುಚ್ಚಳ ತೆಗೆದು, ತಳ ಕಲಕಿ, ಉಳಿಸಿದ್ದ ಸೌಟನ್ನು ಸೊಟ್ಟ ಮರಕ್ಕೆ ಹಿಡಿದು ಕರೆದ:

“ಪದ್ಮಲಕ್ಕಾ, ಅಂಬಲಿ!”

ಮರ ಮೈ ಮುರಿಯಿತು. ಕೊಂಬೆಗಳು ಕೈಗಳಾದವು. ಪದ್ಮಲೆ ಕೂದಲಿನಿಂದ ಇರುವೆ ಕೊಡವಿಕೊಳ್ಳುತ್ತ ಸೌಟನ್ನು ಕಿತ್ತುಕೊಂಡು ಒಂದೇ ಉಸಿರಿಗೆ ಕುಡಿದಳು. “ಇಷ್ಟು ಹೊತ್ತೇನೋ? ಉಪ್ಪೂ ಇಲ್ಲ!”

ಕೊಂಕಜಟಿ ಎತ್ತಿದ ಕೊಡಲಿ ಎತ್ತಿದಂತೆಯೇ ಇತ್ತು. ಮಾಟ ಅವನಿಗೇ ತಿರುಗಿ, ಅವನು ಅಲ್ಲೇ ಒಣ ಮೋಟುಮರವಾದ. ಹೂಮರ ಹೊಗೆಯಾಗಿ ಹೋಯಿತು. ಅರಮನೆಯ ಲಾಯದಲ್ಲಿ ಮಣ್ಣಿನ ಕುದುರೆಗಳು ಒಟ್ಟಿಗೆ ಕೆನೆದವು.

ಮರವಾಗಿ ನಿಂತು ನಿಂತು ಪದ್ಮಲೆಯ ಕಾಲುಗಳು ಮರಗಟ್ಟಿದ್ದವು. ಬೋಸಿಯ ಬೆನ್ನು ಎತ್ತರ, ಕಾಲಿಡಲು ಏನೂ ಇಲ್ಲ. ಬೆಳಗ್ಗೆ ಕಾಲಿಡುವ ಬಳೆ ಎಲ್ಲಿ ಎಂದು ಕೇಳಿದ್ದ ಸೋಮಕೇತು ಮಣ್ಣಿನಲ್ಲಿ ಮೊಣಕಾಲೂರಿ, ಎರಡೂ ಅಂಗೈ ಜೋಡಿಸಿ ಒಡ್ಡಿದ. ಅಕ್ಕ ಅದರ ಮೇಲೆ ಕಾಲಿಟ್ಟು ಹತ್ತಿದಳು. ಅವನು ಲಗಾಮು ಹಿಡಿದು ನಡೆದ.

ಅಂದಿನಿಂದ ಹೆಮ್ಮರನಾಡಿನ ಕಾಡಿನಲ್ಲಿ ಒಲೆಗಳು ಆರಲಿಲ್ಲ, ಬಟ್ಟಲುಗಳು ಬರಿದಾಗಲಿಲ್ಲ. ಅಕ್ಕ ತಮ್ಮ ಕೂಡಿ ಕಾಡು ನೋಡಿಕೊಂಡರು, ಆಗಾಗ ಜಗಳವಾಡಿದರು, ಸುಖವಾಗಿದ್ದರು. ದಾರಿಯ ಆ ಮೋಟುಮರದ ಬಳಿ ಮಾತ್ರ ಬೋಸಿ ಎಂದೂ ನಿಲ್ಲಲಿಲ್ಲ.

ಹಾಂ, ಆ ಕಾಲಿಡುವ ಬಳೆಯ ಹೆಸರು ಬಂತು ನೋಡು! ತಮ್ಮ ಒಡ್ಡಿದ್ದು ಬರೀ ಅಂಗೈಯಲ್ಲ, ಅಂಕವಣೆ. ಅಂಕವಣೆ! ಮೇದಿನಿ, ಆ ಮೊಬೈಲು ಕೆಳಗಿಡು. ಪೆನ್ನು ಎಲ್ಲಿ? ಮತ್ತೆ ಮರೆತುಹೋಗುವ ಮೊದಲು ಬೇಗ ಬರೆದಿಟ್ಟುಕೊಳ್ಳೇ, ಪುಟ್ಟಿ.