ಅವನ ಮುಖದ ಎಡಭಾಗ

ಬಾಗಿಲು ತಳ್ಳಿಕೊಂಡು ಒಳಬಂದವನು ಮೂಗಿನ ಕೆಳಗೆಲ್ಲ ಮರೆಯಾಗುವಂತೆ ದಸ್ತಿ ಬಟ್ಟೆ ಕಟ್ಟಿಕೊಂಡಿದ್ದ. ಆದರೂ ಸಿದ್ದೇಶ್ವರಿಗೆ ಆ ಕಣ್ಣುಗಳ ಗುರುತು ಹತ್ತಲು ತಡವಾಗಲಿಲ್ಲ.

ಅಮರನಾಥ...

ಬೀದರಿನ ಆ ಆಸ್ಪತ್ರೆಯಲ್ಲಿ ಅವಳು ಎಂಜಿನಿಯರ್. ಗಡ್ಡೆಗೋ ಅಪಘಾತಕ್ಕೋ ಮೂಳೆ ಕಳೆದುಕೊಂಡವರ ಸ್ಕ್ಯಾನ್ ನೋಡಿ, ಹೋದ ಭಾಗವನ್ನು ಅವರವರ ಅಳತೆಗೆ ಕಂಪ್ಯೂಟರಿನಲ್ಲಿ ರೂಪಿಸುತ್ತಿದ್ದಳು. ಅದು ಹೈದರಾಬಾದಿನ ತ್ರೀಡಿ ಪ್ರಿಂಟರಿನಲ್ಲಿ ಟೈಟೇನಿಯಂ ಲೋಹದಲ್ಲಿ ತಯಾರಾಗಿ ಬರುತ್ತಿತ್ತು. ಈ ರೋಗಿಗೆ ದವಡೆ ಬೇಕು ಎಂದಷ್ಟೇ ಹೇಳಿ ಶಸ್ತ್ರವೈದ್ಯೆ ಡಾಕ್ಟರ್ ಆಬೇದಾ ಕಳಿಸಿದ್ದರು.

"ದಸ್ತಿ ತೆಗೀರಿ," ಎಂದಳು.

ಅವನು ತೆಗೆದ. ಎಡಗಡೆ ದವಡೆಯೇ ಇರಲಿಲ್ಲ. ಕೆನ್ನೆ ಒಳಗೆ ಕುಸಿದು, ಗದ್ದ ಒಂದು ಕಡೆಗೆ ಸರಿದಿತ್ತು.

ಕೆಲವು ವರ್ಷಗಳ ಹಿಂದೆ, ಔರಾದಿನ ಹೈಸ್ಕೂಲು ಮಾಸ್ತರ ಅಮರನಾಥನಿಗೂ ಹಲಬರ್ಗಾದ ವೈಜಿನಾಥರ ಮಗಳು ಸಿದ್ದೇಶ್ವರಿಗೂ ಮದುವೆಯ ಮಾತು ಮುಗಿದಿತ್ತು. ದಿನಾ ಸಂಜೆ ಫೋನು. ಒಮ್ಮೆ ಅಷ್ಟೂರಿನ ಹಳೆಯ ಸುಲ್ತಾನರ ಗೋರಿಗಳ ನೆರಳಲ್ಲಿ ಕೂತು ಇಬ್ಬರೂ ಸಂಜೆಯ ತನಕ ನಕ್ಕಿದ್ದರು. ಆಮೇಲೆ ಇದ್ದಕ್ಕಿದ್ದಂತೆ, ಹುಡುಗನಿಗೆ ಮನಸ್ಸಿಲ್ಲವಂತೆ ಎಂದು ಭಾಲ್ಕಿಯ ನೆಂಟರೊಬ್ಬರು ಸುದ್ದಿ ತಂದರು. ಕಾರಣವಿಲ್ಲ. ಅವನು ಫೋನು ಎತ್ತಲಿಲ್ಲ. ಹುಡುಗಿಯಲ್ಲೇ ಏನೋ ಐಬು ಇರಬೇಕೆಂದು ಬಂಧುಗಳೆಲ್ಲ ಆಡಿಕೊಂಡರು.

ಬೇರೆ ಯಾರನ್ನೋ ಮೆಚ್ಚಿದ್ದಾನೆಂದು ಅವಳು ತಿಳಿದಿದ್ದಳು. ಮನಸಾರೆ ದ್ವೇಷಿಸಿದ್ದಳು.

"ಇದು ಯಾವಾಗ ಆತ್ರಿ?"

ಅವನ ಮಾತು ತೊದಲುತ್ತಿತ್ತು. ಮದುವೆಯ ಮಾತು ಮುರಿದ ತಿಂಗಳೇ ಎಂದ. ಹಲ್ಲುನೋವೆಂದು ಹೋದವನಿಗೆ ದವಡೆಯಲ್ಲಿ ಗಡ್ಡೆ ಸಿಕ್ಕಿತ್ತು. ಅರ್ಧ ದವಡೆ ತೆಗೆದು, ಆ ಜಾಗದಲ್ಲಿ ಕೂರಿಸಿದ್ದ ಲೋಹದ ಪಟ್ಟಿಯೂ ಮುರಿದು, ಅದನ್ನೂ ತೆಗೆಯಬೇಕಾಗಿ ಬಂದಿತ್ತು.

"ನಿಮ್ಮ ಜಿಂದಗಿ ಹಾಳಾಗಬಾರ್ದು ಅಂತ ನಾನೇ ಬ್ಯಾಡ ಅಂದೆ..."

ಅಂದರೆ ಅವನು ತನ್ನನ್ನು ಬಿಟ್ಟು ಮತ್ತೊಬ್ಬಳ ಕಡೆ ಹೋಗಿರಲಿಲ್ಲ. ಇಷ್ಟು ವರ್ಷ ಅವಳು ಕೇಳಲು ಹಂಬಲಿಸಿದ್ದ ಮಾತು. ಕೇಳಿದ ಮೇಲೆ ಎದೆ ತಣ್ಣಗಾಗಲಿಲ್ಲ, ಇನ್ನಷ್ಟು ಉರಿಯಿತು.

"ನನ್ನ ಒಂದ್ ಮಾತ ಯಾಕ ಕೇಳ್ಲಿಲ್ಲ?"

ಅವನು ದಸ್ತಿಯ ಅಂಚು ಹಿಡಿದು ನೆಲ ನೋಡಿದ.

"ಹ್ವಾದ ವರ್ಷ ಅಪ್ಪ ತೀರ್ಕೊಂಡ್ರು. ಕಡೀತನಕ ಅದೇ ಕೇಳ್ತಿದ್ರು, ನಮ್ಮ ಹುಡುಗೀದಾಗ ಅವರಿಗಿ ಏನ್ ಕಮ್ಮಿ ಕಾಣ್ತು ಅಂತ. ನನ್ನ ಹತ್ರ ಜವಾಬಿರಲಿಲ್ಲ. ನಿಮ್ಮ ಹತ್ರ ಇತ್ತು."

ಅಮರನಾಥ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವಳು ಸಮಾಧಾನ ಹೇಳಲಿಲ್ಲ.

ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಉಳಿದಿದ್ದ ಬಲದವಡೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಕ್ಕೆ ಕೂರಿಸಿದಳು. ಪರದೆಯ ಮೇಲೆ ಅಷ್ಟೂರಿನಲ್ಲಿ ನಕ್ಕಿದ್ದ ಅದೇ ಮುಖ ಮೂಡಿತು! ಆದರೆ ಆಬೇದಾ ನೋಡಿ ತಲೆಯಾಡಿಸಿದರು. ಇಷ್ಟು ಕಾಲ ಮೂಳೆಯಿಲ್ಲದೆ ಮಾಂಸ ಕುಗ್ಗಿದೆ, ಇಷ್ಟು ದಪ್ಪ ಇಟ್ಟರೆ ಚರ್ಮ ಹರಿದು ಲೋಹ ಹೊರಬರುತ್ತದೆ, ಸಣ್ಣದು ಮಾಡು ಎಂದರು.

ಸಣ್ಣದು ಮಾಡುತ್ತಾ ಹೋದಂತೆ ಹಳೆಯ ಮುಖ ಪರದೆಯಿಂದ ಅಳಿಸಿಹೋಯಿತು. ಅಂದು ಸಿದ್ದೇಶ್ವರಿ ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟಿನ ನಡುವೆಯೂ ತಾನು ಇಷ್ಟು ವರ್ಷ ಯಾರ ದಾರಿ ಕಾಯುತ್ತಿದ್ದೆ ಎಂಬುದು ಅವಳಿಗೆ ತಿಳಿದುಹೋಗಿತ್ತು.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಲೋಹದ ದವಡೆ ಸರಿಯಾಗಿ ಕೂತಿತು. ಬಾವು ಇಳಿದ ಮೇಲೆ ತಪಾಸಣೆಗೆ ಬಂದವನ ಮುಖದ ಮೇಲೆ ದಸ್ತಿ ಇರಲಿಲ್ಲ. ಎಡಭಾಗ ಕೊಂಚ ಸಣ್ಣದಾಗಿ ಕಾಣುತ್ತಿತ್ತು. ಮಾತು ಸ್ಪಷ್ಟವಾಗಿತ್ತು.

ಹಲಬರ್ಗಾಕ್ಕೆ ಹೋಗಿದ್ದೆ ಎಂದ. ಅವಳ ಬಂಧುಗಳನ್ನೆಲ್ಲ ಕೂಡಿಸಿ, ಐಬು ಇದ್ದದ್ದು ತನ್ನಲ್ಲಿ ಎಂದು ಅವರ ಮುಂದೆ ಹೇಳಿ ಬಂದಿದ್ದ.

"ಅವ್ವ ಏನಂದ್ಳು?"

"ನೀರ ಕೊಟ್ರು. ಕೂಡ್ರು ಅನ್ಲಿಲ್ಲ."

ಅವ್ವ ಲಲಿತಾಬಾಯಿ ಹಾಗೆ ಮಾಡಿದ್ದು ಸರಿಯೇ ಅನಿಸಿತು ಅವಳಿಗೆ.

"ಅವತ್ತ ಕೇಳಬೇಕಿತ್ತು, ಕೇಳ್ಲಿಲ್ಲ. ಇವತ್ತ ಕೇಳ್ತೇನಿ... ನನ್ನ ಕೂಡ ಬಾಳ್ವಿ ಮಾಡ್ತಿರೇನು?"

ಅವಳು ಮೇಜಿನ ಮೇಲಿನ ಸ್ಕ್ಯಾನ್ ಬದಿಗಿಟ್ಟಳು. ಅಪ್ಪ ಇದ್ದಿದ್ದರೆ... ಇಲ್ಲವಲ್ಲ.

"ನನ್ನ ಸಿಟ್ಟ ಹೋಗಿಲ್ಲ."

"ಇರ್ಲಿ ಬಿಡ್ರಿ."

"ಅದನ್ನ ಇಟ್ಕೊಂಡೇ ಬರ್ತೇನಿ. ನಡೀತದೇನು?"

ಅವನು ಆಗಲೆಂದು ತಲೆಯಾಡಿಸಿದ. ಕಣ್ಣು ತುಂಬಿತ್ತು. ಅವಳು ಕೈ ಚಾಚಿ ತಾನೇ ರೂಪಿಸಿದ ಆ ದವಡೆಯ ಮೇಲೆ ಬೆರಳಿಟ್ಟಳು.

"ಮುಟ್ಟಿದ್ದು ಗೊತ್ತಾಗ್ತದ?"

"ಇಲ್ರಿ. ಅಲ್ಲಿ ನರಾನೇ ಇಲ್ಲ."

ಬೆರಳು ನಿಧಾನವಾಗಿ ಮೇಲಕ್ಕೆ ಸರಿದು, ಕಣ್ಣಿನ ಕೆಳಗೆ ಒದ್ದೆಯಾದಲ್ಲಿ ನಿಂತಿತು.

"ಇಲ್ಲಿ?"

ಅಮರನಾಥ ಕಣ್ಣು ಮುಚ್ಚಿದ.

"ಇಲ್ಲಿ ಗೊತ್ತಾಗ್ತದ..."