ವಾಡಿಕೆಯ ಪ್ರಶ್ನೆ

ಕಾದ ಕಬ್ಬಿಣದ ಮೇಲೆ ಎಣ್ಣೆ ಬಿದ್ದಾಗ ಏಳುವ ವಾಸನೆ. ಚಿಕ್ಕಂದಿನಲ್ಲಿ ವರ್ಕ್‌ಶಾಪಿನಿಂದ ಬಂದ ಅಪ್ಪ ಎತ್ತಿಕೊಂಡಾಗಲೆಲ್ಲ ಅವಳ ಮೂಗಿಗೆ ಅದೇ ಬಡಿಯುತ್ತಿತ್ತು. ಇಪ್ಪತ್ತೈದು ವರ್ಷಗಳ ಮೇಲೆ, ಕೈಗಾರಿಕಾ ಇಲಾಖೆಯ ಅವಳ ಮೇಜಿನೆದುರು ಒಬ್ಬ ಅರ್ಜಿದಾರ ಬಂದು ಕುಳಿತಾಗ, ಮತ್ತೆ ಅದೇ ವಾಸನೆ.

ರೋಗಿಯ ಗಂಟಲಿನ ಕಫ ಹೀರುವ, ಕರೆಂಟ್ ಹೋದರೆ ಕಾಲಿನಿಂದ ತುಳಿದು ನಡೆಸುವ ಆಸ್ಪತ್ರೆ ಪಂಪೊಂದನ್ನು ಅವನು ಮಾಡಿದ್ದ. ಆದರೆ ಈಗಾಗಲೇ ಮೂರು ವರ್ಷ ಸರ್ಕಾರಕ್ಕೆ ಮಾರಿದವರಿಂದ ಮಾತ್ರ ಸರ್ಕಾರ ಕೊಳ್ಳಬೇಕೆಂಬುದು ನಿಯಮ. ಅವಳು ಅರ್ಜಿ ತಿರಸ್ಕರಿಸಿದಳು.

"ಮದುವೆ ಆಗಿರೋ ಗಂಡಿಗೇ ಹೆಣ್ಣು ಕೊಡೋದು ಅಂದ ಹಾಗಾಯ್ತಲ್ಲ ಮೇಡಂ!"

ನಗು ತಡೆಯಲು ಅವಳು ಫೈಲಿನಲ್ಲಿ ಮುಖ ಹುದುಗಿಸಿದಳು. ಹೊರಡುವ ಮುಂಚೆ ಅವನು ಬಗ್ಗಿ, ಕುಂಟುತ್ತಿದ್ದ ಅವಳ ಮೇಜಿನ ತಿರುಪು ಬಿಗಿದ. "ಇದಕ್ಕೆ ಅನುಭವ ಪತ್ರ ಬೇಡ ತಾನೇ?"

ಆಮೇಲೆ ಆರು ತಿಂಗಳು ಕೂತು ಅವಳು ತಿದ್ದುಪಡಿಯ ಕರಡು ಬರೆದಳು: ಹೊಸ ಯಂತ್ರಕ್ಕೆ ಮೊದಲು ಒಂದು ಆಸ್ಪತ್ರೆಯಲ್ಲಿ ಪರೀಕ್ಷೆ, ಗೆದ್ದರೆ ಖರೀದಿ. ಅವನದರಂಥ ನೂರು ಸಣ್ಣ ವರ್ಕ್‌ಶಾಪುಗಳು ಬೆಳೆದರೆ ಸಾವಿರಾರು ಕೈಗಳಿಗೆ ಕೆಲಸ.

ಇಂದು ಆ ಕರಡಿನ ಮೇಲೆ ಖರೀದಿ ಸಮಿತಿಯ ತೀರ್ಮಾನ. ಕರೆಸಿದ ತಯಾರಕರ ನಡುವೆ, ಹಿಂದಿನ ಸಾಲಿನಲ್ಲಿ ಅವನೂ ಇದ್ದ. ಕಣ್ಣು ಕಣ್ಣು ಸೇರಿದವು. ಅವಳೇ ಮೊದಲು ತಪ್ಪಿಸಿದಳು.

ಅಧ್ಯಕ್ಷೆ ವಾಡಿಕೆಯ ಪ್ರಶ್ನೆ ಕೇಳಿದರು. "ನೋಡಮ್ಮ, ಇದು ಪಾಸಾದ್ರೆ ನಿನಗೆ ಬೇಕಾದವರಿಗೆ ಯಾರಿಗಾದ್ರೂ ಲಾಭ ಇದೆಯಾ?"

ಇಲ್ಲವೆಂದರೆ ಸುಳ್ಳೂ ಅಲ್ಲ. ಅವನು ಅವಳಿಗೆ ಇನ್ನೂ ಏನೂ ಅಲ್ಲ. ಆದರೆ ನಾಳೆ ಯಾರಾದರೂ ಬೆರಳು ತೋರಿಸಿದರೆ ಹೊಸ ನಿಯಮವೇ ಬಿದ್ದುಹೋದೀತು. ಅವಳ ಬಾಯಿ ಒಣಗಿತು.

"ಇದೆ ಮೇಡಂ. ಆ ಪಂಪಿನವರು. ನನಗೆ... ಅವರ ಮೇಲೆ ಮನಸ್ಸಿದೆ. ಅವರಿಗೆ ಗೊತ್ತಿಲ್ಲ."

"ಈಗ ಗೊತ್ತಾಯ್ತಲ್ಲ!" ಎಂದು ಸಮಿತಿಯಲ್ಲಿದ್ದ ಹಣಕಾಸು ಇಲಾಖೆಯವರು ಗೊಣಗಿದರು. ಯಾರೋ ಕಿಸಕ್ಕೆಂದರು.

ಅಧ್ಯಕ್ಷೆ ನಗಲಿಲ್ಲ. ತಮ್ಮ ನೀರಿನ ಲೋಟವನ್ನು ಅವಳತ್ತ ಸರಿಸಿದರು. "ಕರಡು ಇನ್ಮೇಲೆ ಬೇರೆಯವರ ಕೈಗೆ. ನೀನು ಹೊರಗೆ ಕೂತ್ಕೋ."

ಕಾರಿಡಾರಿನ ಬೆಂಚಿನಲ್ಲಿ ಎರಡು ಗಂಟೆ. ಆರು ತಿಂಗಳ ದುಡಿಮೆಯೂ ಮಾನವೂ ಮುಚ್ಚಿದ ಬಾಗಿಲ ಒಳಗೇ ಉಳಿದಿದ್ದವು. ಕೊನೆಗೆ ಅವನು ಹೊರಬಂದ.

"ಪಾಸಾಯ್ತು. ಮೊದಲನೇ ಸುತ್ತಿನ ಪರೀಕ್ಷೆಯಿಂದ ನನ್ನ ಹೆಸರು ತೆಗೆಸ್ದೆ."

"ನಿಮಗೇನು ತಲೆ ಕೆಟ್ಟಿದೆಯಾ? ಮತ್ತೆ ಒಂದು ವರ್ಷ ಕಾಯ್ಬೇಕು!"

"ನಿಮ್ಮ ಕಡೆ ಯಾರೂ ಬೆರಳು ತೋರಿಸಬಾರದು." ಅವನ ಕಿವಿ ಕೆಂಪಾಗಿತ್ತು. "ಪಂಪು ಒಂದು ವರ್ಷ ಕಾಯತ್ತೆ. ನನ್ನ ಕೈಲಿ ಆಗಲ್ಲ."

ಅವಳು ಬೆಂಚಿನ ಮೇಲೆ ಸರಿದು ಜಾಗ ಬಿಟ್ಟಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಅವನು ಪಕ್ಕದಲ್ಲಿ ಕುಳಿತು, ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಬಿಗಿಯಾಗಿದ್ದ ಮುಚ್ಚಳ ಸಡಿಲಿಸಿ, ಅವಳ ಕೈಗಿಟ್ಟ.