ಮಂಜಿನ ಗೋಡೆ ಒಡೆದ ಮಾಯಂಗ್

ಬಹಳ ಬಹಳ ಹಿಂದೆ, ತೆಂಕಣ ಕಡಲಿನಲ್ಲಿ ನುಸಮಾಲ ಎಂಬ ರಾಜ್ಯವಿತ್ತು. ಅದಕ್ಕೆ ಕೋಟೆಯಿರಲಿಲ್ಲ, ರಾಜಬೀದಿಯಿರಲಿಲ್ಲ. ಎಣಿಸಲಾಗದಷ್ಟು ದ್ವೀಪಗಳು, ನಡುವೆ ಕಡಲೇ ದಾರಿ. ಒಂದೊಂದು ದ್ವೀಪದ್ದು ಒಂದೊಂದು ಮಾತು. ಆದರೂ ದೋಣಿಗಳು ಹೋಗುತ್ತಿದ್ದವು, ಬರುತ್ತಿದ್ದವು.

ಭತ್ತ ಬೆಳೆಯುವ ದ್ವೀಪದಲ್ಲಿ ಮಾಯಂಗ್ ಎಂಬ ನೇಕಾರರ ಹೆಣ್ಣು ಇದ್ದಳು. ಮದುವೆಯಾದ ಹೊಸತರಲ್ಲೇ ಅವಳ ಗಂಡ ದಮಾರ್ ಅಕ್ಕಿ ತುಂಬಿಕೊಂಡು ಲವಂಗದ ದ್ವೀಪಕ್ಕೆ ಹೊರಟ. "ಹುಣ್ಣಿಮೆಯೊಳಗೆ ಬಂದುಬಿಡ್ತೀನಿ" ಅಂದ.

ಅದೇ ಹೊತ್ತಿಗೆ ಗೋರ್ಬಾನ್ ಎಂಬ ಮಾಂತ್ರಿಕ ಬಿಳಿ ಹಾಯಿಯ ಹಡಗಿನಲ್ಲಿ ಬಂದಿಳಿದ. "ಲವಂಗವೆಲ್ಲ ನನಗೊಬ್ಬನಿಗೇ ಬೇಕು" ಎಂದು ರಾಜನನ್ನು ಕೇಳಿದ. "ಎಲ್ಲರಂತೆ ನೀನೂ ಕೊಂಡುಕೋ" ಅಂದ ರಾಜ. ಮಾಂತ್ರಿಕ ಉಫ್ ಎಂದು ಊದಿದ. ರಾಜ ಕೂತಲ್ಲೇ ಕಲ್ಲಾದ. ಇನ್ನೊಮ್ಮೆ ಊದಿದ, ಪ್ರತಿ ದ್ವೀಪದ ಸುತ್ತ ಮಂಜಿನ ಗೋಡೆ ಎದ್ದಿತು. ಮತ್ತೊಮ್ಮೆ ಊದಿದ, ಲವಂಗದ ದ್ವೀಪದಲ್ಲಿದ್ದ ಬೇರೆ ದ್ವೀಪದವರೆಲ್ಲ ತಮ್ಮ ಊರು, ಹೆಸರು ಮರೆತು ಅವನ ಆಳುಗಳಾದರು.

ಹುಣ್ಣಿಮೆ ಬಂತು, ಹೋಯಿತು. ಎಷ್ಟೋ ಹುಣ್ಣಿಮೆಗಳು ಹೋದವು. ಗಾಳಿ ಬೀಸಿದಾಗ ಮಂಜಿನ ಆಚೆಯಿಂದ ಲವಂಗದ ಘಮ ಬರುತ್ತಿತ್ತು. ಮಾಯಂಗ್ ಮಗ್ಗ ಬಿಟ್ಟು ದಡಕ್ಕೆ ಓಡುತ್ತಿದ್ದಳು. ಘಮ ಬರುತ್ತದೆ, ಅವನು ಬಾರದೆ ಇರುವುದು ಹೇಗೆ? ಕೊನೆಗೊಂದು ಮುಂಜಾನೆ ತಾನೇ ದೋಣಿ ನೂಕಿದಳು.

ಮಂಜಿನಲ್ಲಿ ದಾರಿ ತಪ್ಪಿತು. ದೊಡ್ಡದೊಂದು ಆಮೆ ಅಡ್ಡ ಬಂದು "ಲಾಯೆ, ಲಾಯೆ" ಎಂದು ಅಳುತ್ತಿತ್ತು. ಅವಳು ಹೆದರಿದಳು, ಆದರೂ ಅದರ ಕಣ್ಣೊರೆಸಿದಳು. ಬಹಳ ಹೊತ್ತು ಕೇಳಿದ ಮೇಲೆ ತಿಳಿಯಿತು, ಅದು ಮಾಟಕ್ಕೆ ಸಿಕ್ಕಿದ ಒಬ್ಬ ತಾಯಿ. 'ಮನೆಗೆ ಬಾ' ಎಂದು ಮಗನನ್ನು ಕರೆಯುತ್ತಿದ್ದಾಳೆ. ಮಾಯಂಗ್ ತಾನೂ "ಲಾಯೆ" ಅಂದಳು. ಆಮೆ ಮಂಜು ಸೀಳಿ ದಾರಿ ತೋರಿತು.

ಲವಂಗದ ದ್ವೀಪದ ದಡದಲ್ಲಿ ಬೆಂಕಿಯುಗುಳುವ ಉಡ ಕಾದಿತ್ತು. ಅದೂ "ಸುರೋ, ಸುರೋ" ಎಂದು ನರಳುತ್ತಿತ್ತು. ಆ ದನಿ ಅವಳಿಗೆ ಗುರುತಾಯಿತು. ದಡದಲ್ಲಿ ನಿಂತು ತಾನು ಅತ್ತ ದನಿಯೇ ಅದು. ಇದೂ ಮಾಟಕ್ಕೆ ಸಿಕ್ಕಿದ ಒಬ್ಬ ಹೆಣ್ಣು, ತನ್ನ ಮಾತಿನಲ್ಲಿ ತನ್ನವನನ್ನು 'ಮನೆಗೆ ಬಾ' ಎಂದು ಕರೆಯುತ್ತಿದ್ದಾಳೆ. "ಸುರೋ" ಅಂದಳು. ಉಡ ಬೆಂಕಿ ನುಂಗಿಕೊಂಡು ಪಕ್ಕಕ್ಕೆ ಸರಿಯಿತು.

ತೋಪಿನಲ್ಲಿ ದಮಾರ್ ಲವಂಗ ಬಿಡಿಸುತ್ತಿದ್ದ. "ದಮಾರ್!" ಅಂದಳು. ಅವನು ತಿರುಗಿ, "ಯಾರಮ್ಮ ನೀನು?" ಅಂದ.

ಗೋರ್ಬಾನ್ ನಗುತ್ತಾ ಬಂದ. "ಇಷ್ಟು ದೂರ ಬಂದಿದ್ದೀಯ. ಇವನನ್ನು ಕರೆದುಕೊಂಡು ಹೋಗು. ಮನೆ ಮುಟ್ಟುತ್ತಲೇ ಇವನಿಗೆ ಎಲ್ಲ ನೆನಪಾಗುತ್ತೆ. ಉಳಿದವರ ಸುದ್ದಿ ಎತ್ತಬೇಡ, ಅಷ್ಟೇ. ಎತ್ತಿದೆಯೋ, ಇವನಿಗೆ ನೀನು ನೆನಪಾಗೋದೇ ಇಲ್ಲ."

ಮಾಯಂಗ್ ದಮಾರ್‌ನ ಕೈ ಹಿಡಿದಳು. ಆ ಕೈ ಎಷ್ಟು ಬೆಚ್ಚಗಿತ್ತು! ಸುತ್ತ ನೋಡಿದಳು. ಮರಮರದಡಿಯಲ್ಲೂ ಒಬ್ಬೊಬ್ಬ ತಲೆ ತಗ್ಗಿಸಿ ನಿಂತಿದ್ದ.

"ಇವರಿಗಾಗಿಯೂ ದಡದಲ್ಲಿ ಯಾರೋ ನಿಂತಿದ್ದಾರೆ" ಎಂದು ಕೈ ಬಿಟ್ಟಳು. ಗಂಟಲು ಬಿರಿಯುವಂತೆ ಕೂಗಿದಳು: "ಲಾಯೆ! ಸುರೋ! ಮನೆಗೆ ಬನ್ನಿ!"

ಒಬ್ಬ ತಲೆಯೆತ್ತಿದ. ಇನ್ನೊಬ್ಬ ಅತ್ತ. ತಮ್ಮ ತಮ್ಮ ಮಾತಿನಲ್ಲಿ ಎಲ್ಲರೂ ಕೂಗತೊಡಗಿದರು. ಆ ಕೂಗಿಗೆ ಮಂಜು ಹರಿಯಿತು, ಉಡ ಹೆಣ್ಣಾಯಿತು, ಆಮೆ ತಾಯಿಯಾಯಿತು, ದೂರದಲ್ಲಿ ಕಲ್ಲಿನ ರಾಜ ಉಸಿರಾಡಿದ. ಗೋರ್ಬಾನ್ ಹೊಗೆಯಾಗಿ ಚದುರಿಹೋದ.

ಎಲ್ಲರಿಗೂ ಎಲ್ಲವೂ ನೆನಪಾಯಿತು. ದಮಾರ್‌ಗೆ ಮಾತ್ರ ಮಾಯಂಗ್ ನೆನಪಾಗಲಿಲ್ಲ. ಅವನ ಕೈ ಬಿಟ್ಟಾಗ ಅವಳು ಬಿಟ್ಟುಕೊಟ್ಟಿದ್ದು ಆ ನೆನಪನ್ನೇ ಅಲ್ಲವೇ? ಅವಳು ಅವನನ್ನು ಹತ್ತಿಸಿಕೊಂಡು ದೋಣಿಯನ್ನು ಮನೆಯ ಕಡೆ ನೂಕಿದಳು. ನಡುಗಡಲಿನಲ್ಲಿ ದಮಾರ್ ಸಂಕೋಚದಿಂದ ಕೇಳಿದ: "ನಿನ್ನ ಹೆಸರು ಕೇಳಬಹುದಾ?"

ಅವಳು ಹೇಳಿದಳು. ಅವನು ಮೆಲ್ಲಗೆ ಅದನ್ನೇ ಅಂದುಕೊಂಡ, ಮತ್ತೆ ಅಂದುಕೊಂಡ.

ಮುಂದಿನ ಸುಗ್ಗಿಯಲ್ಲಿ ಅವರಿಗೆ ಇನ್ನೊಮ್ಮೆ ಮದುವೆಯಾಯಿತು. ಎಲ್ಲ ದ್ವೀಪಗಳಿಂದ ದೋಣಿಗಳು ಬಂದವು. ಅವರು ತುಂಬು ಬಾಳು ಬಾಳಿದರು. ನುಸಮಾಲದ ಮಂದಿಯೆಲ್ಲ ನೆಮ್ಮದಿಯಾಗಿ ಉಂಡುಟ್ಟು ಇದ್ದರು.